ತಲೆಹೊಟ್ಟು: ಹಚ್ಚುವುದಕ್ಕಿಂತ ತೊಳೆಯುವುದೇ ಮೇಲು



ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಒಂದು ಪತ್ರವು ಮನಸ್ಸನ್ನು ಕಲಕಿತು. ಬಯಲುಸೀಮೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ಬರೆದಿದ್ದಾರೆ. ಅವರ ಮಗಳು ಪಟ್ಟಣದ ವಿದ್ಯಾರ್ಥಿನಿಲಯದಲ್ಲಿದ್ದು ಕಾಲೇಜು ಓದುತ್ತಿದ್ದಾಳೆ. ಒಂದು ವರ್ಷದಿಂದ ಆಕೆಯ ತಲೆಯಲ್ಲಿ ವಿಪರೀತ ಹೊಟ್ಟು. ಬಾಚಿದರೆ ಹೆಗಲ ಮೇಲೆ ಬಿಳಿಯ ಪುಡಿ ಉದುರುತ್ತದೆ. ಕೋಣೆಯ ಗೆಳತಿಯರು ಆಕೆಯ ಬಾಚಣಿಗೆಯನ್ನೂ ದಿಂಬನ್ನೂ ಬೇರೆಯಿಡಿಸಿದ್ದಾರೆ. ರಜೆಗೆ ಊರಿಗೆ ಬಂದಾಗ ಅಜ್ಜಿಯು "ತಲೆ ಒಣಗಿದೆ" ಎಂದು ಪ್ರತಿ ರಾತ್ರಿ ಕೊಬ್ಬರಿ ಎಣ್ಣೆ ತಿಕ್ಕುತ್ತಾರೆ. ನೆರೆಯವರ ಮಾತಿನಂತೆ ನಿಂಬೆಹಣ್ಣನ್ನೂ ಉಜ್ಜಿದ್ದಾಗಿದೆ. ಹೊಟ್ಟು ಕಡಿಮೆಯಾಗಲಿಲ್ಲ, ಬದಲಿಗೆ ತಲೆಯಲ್ಲಿ ಉರಿ ಎದ್ದಿತು. "ಮಗಳು ಹೂ ಮುಡಿಯುವುದನ್ನು ಬಿಟ್ಟಿದ್ದಾಳೆ, ಬಂಧುಗಳ ಮನೆಯ ಕಾರ್ಯಕ್ಕೂ ಬರುವುದಿಲ್ಲ ಎನ್ನುತ್ತಾಳೆ, ಏನು ಮಾಡಲಿ?" ಎಂಬುದು ಆ ತಾಯಿಯ ಪ್ರಶ್ನೆ.

ತಲೆಹೊಟ್ಟು ಪ್ರಾಣಕ್ಕೆ ಅಪಾಯ ತರುವ ರೋಗವಲ್ಲ. ಆದರೆ ಹರೆಯದ ಮಗಳೊಬ್ಬಳು ನಾಲ್ಕು ಜನರ ನಡುವೆ ತಲೆ ತಗ್ಗಿಸಿ ಕೂರುವಂತಾದರೆ ಅದನ್ನು ಚಿಕ್ಕ ಸಂಗತಿಯೆಂದು ತಳ್ಳಿಹಾಕಲಾಗದು. ಆದುದರಿಂದ ಈ ಸಲದ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಡಲಾಗಿದೆ.

ಹೊಟ್ಟು ಎಂದರೇನು?

ನಮ್ಮ ಪ್ರಾಚೀನ ವೈದ್ಯರಿಗೆ ಈ ತೊಂದರೆ ಹೊಸದಾಗಿರಲಿಲ್ಲ. ಸುಶ್ರುತ ಸಂಹಿತೆಯು ಇದನ್ನು 'ದಾರುಣಕ' ಎಂಬ ಹೆಸರಿನಿಂದ ಕರೆದು, ಕ್ಷುದ್ರರೋಗಗಳ ಸಾಲಿನಲ್ಲಿ ಸೇರಿಸಿದೆ. ಕೂದಲ ಬುಡದ ಚರ್ಮವು ತುರಿಸುವುದು, ಒರಟಾಗುವುದು, ಬಿರಿಯುವುದು ಇದರ ಲಕ್ಷಣಗಳೆಂದು ಆಯುರ್ವೇದವು ಗುರುತಿಸಿದೆ.

ನಮ್ಮ ಮೈಯ ಚರ್ಮವು ಸದಾ ಹೊಸದಾಗುತ್ತಲೇ ಇರುತ್ತದೆ. ಒಳಗೆ ಹುಟ್ಟಿದ ಕಣಗಳು ಸುಮಾರು ಒಂದು ತಿಂಗಳಲ್ಲಿ ಮೇಲೆ ಬಂದು, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉದುರಿಹೋಗುತ್ತವೆ. ಹೊಟ್ಟು ಇರುವವರ ತಲೆಯಲ್ಲಿ ಈ ಕೆಲಸವು ಅವಸರದಿಂದ ನಡೆಯುತ್ತದೆ. ಬಲಿಯದ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಿಳಿಯ ಪದರಗಳಾಗಿ ಏಳುತ್ತವೆ. ಅದನ್ನೇ ನಾವು ಹೊಟ್ಟು ಎನ್ನುತ್ತೇವೆ.

ಈ ಅವಸರಕ್ಕೆ ಕಾರಣವಾಗುವ ಸೂಕ್ಷ್ಮಜೀವಿಯನ್ನು ಫ್ರಾನ್ಸ್ ದೇಶದ ಲೂಯಿ ಶಾರ್ಲ್ ಮಲಸೇ ಎಂಬ ವಿಜ್ಞಾನಿಯು ೧೮೭೪ರಲ್ಲಿ ತಲೆಹೊಟ್ಟಿನ ಪದರಗಳಲ್ಲಿ ಕಂಡು ವರ್ಣಿಸಿದರು. ಅವರ ಹೆಸರಿನಿಂದಲೇ ಅದಕ್ಕೆ 'ಮಲಸೇಜಿಯಾ' ಎಂಬ ನಾಮಧೇಯ ಬಂದಿತು. ಇದು ಯೀಸ್ಟ್ ಬಗೆಯ ಶಿಲೀಂಧ್ರ. ಇದು ಹೊಟ್ಟು ಇರುವವರ ತಲೆಯಲ್ಲಿ ಮಾತ್ರವಲ್ಲದೆ ಆರೋಗ್ಯವಂತರ ತಲೆಯಲ್ಲಿಯೂ ವಾಸಿಸುತ್ತದೆ. ಇದರ ಒಂದು ಪ್ರಭೇದದ ವಂಶವಾಹಿಗಳನ್ನು ೨೦೦೭ರಲ್ಲಿ ಪೂರ್ಣವಾಗಿ ಓದಿದಾಗ, ತನಗೆ ಬೇಕಾದ ಕೊಬ್ಬಿನ ಅಂಶವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಇದಕ್ಕಿಲ್ಲವೆಂದು ತಿಳಿದುಬಂದಿತು. ನಮ್ಮ ತಲೆಯ ಚರ್ಮವು ಸ್ರವಿಸುವ ಜಿಡ್ಡೇ ಇದರ ಆಹಾರ. ಆ ಜಿಡ್ಡನ್ನು ಒಡೆದು ತಿನ್ನುವಾಗ ಕೆಲವು ಆಮ್ಲಗಳು ಉಳಿಯುತ್ತವೆ. ಕೆಲವರ ಚರ್ಮವು ಈ ಆಮ್ಲಗಳನ್ನು ಸಹಿಸುವುದಿಲ್ಲ. ಅಂಥವರಲ್ಲಿಯೇ ತುರಿಕೆಯೂ ಹೊಟ್ಟೂ ಕಾಣಿಸಿಕೊಳ್ಳುತ್ತವೆ.

ಹರೆಯ ಬಂದಾಗ ಜಿಡ್ಡಿನ ಗ್ರಂಥಿಗಳು ಚುರುಕಾಗುವುದರಿಂದ ಹೊಟ್ಟು ಸಾಮಾನ್ಯವಾಗಿ ಆ ವಯಸ್ಸಿನಲ್ಲಿಯೇ ಆರಂಭವಾಗುತ್ತದೆ. ಚಳಿಗಾಲದಲ್ಲಿ ಹೆಚ್ಚುತ್ತದೆ. ನಿದ್ರೆಗೆಟ್ಟಾಗ, ಪರೀಕ್ಷೆಯ ಚಿಂತೆ ಹತ್ತಿದಾಗ ಉಲ್ಬಣಿಸುವುದೂ ಉಂಟು. ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರು ಒಂದಲ್ಲ ಒಂದು ಕಾಲದಲ್ಲಿ ಇದನ್ನು ಅನುಭವಿಸುತ್ತಾರೆ.

ಮೂರು ತಪ್ಪು ತಿಳಿವಳಿಕೆಗಳು

ಮೊದಲನೆಯದು, ಇದು ಅಂಟುರೋಗವೆಂಬ ಭಾವನೆ. ಮೇಲೆ ಹೇಳಿದ ಸೂಕ್ಷ್ಮಜೀವಿಯು ಎಲ್ಲರ ತಲೆಯಲ್ಲಿಯೂ ಆಗಲೇ ಇರುವಾಗ, ಒಬ್ಬರಿಂದ ಇನ್ನೊಬ್ಬರಿಗೆ ಹೊಟ್ಟು ಹರಡುವ ಮಾತೇ ಇಲ್ಲ. ಬಾಚಣಿಗೆಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಎಲ್ಲರಿಗೂ ಒಳ್ಳೆಯ ಪದ್ಧತಿ. ಆದರೆ ಹೊಟ್ಟು ಇರುವ ಹುಡುಗಿಯ ಬಾಚಣಿಗೆಯನ್ನು ಮಾತ್ರ ಮೂಲೆಗಿಡುವುದು ಅಜ್ಞಾನ. ಆ ವಿದ್ಯಾರ್ಥಿನಿಲಯದ ಗೆಳತಿಯರಿಗೆ ಯಾರಾದರೂ ಹಿರಿಯರು ಇದನ್ನು ತಿಳಿಹೇಳಬೇಕು.

ಎರಡನೆಯದು, ಇದು ಕೊಳಕಿನ ಗುರುತೆಂಬ ಭಾವನೆ. ದಿನವೂ ಮಿಂದು, ಮಡಿಯುಟ್ಟು, ಇಷ್ಟಲಿಂಗ ಪೂಜೆಗೆ ಕೂರುವ ಶುಚಿವಂತರಿಗೂ ಹೊಟ್ಟು ಬರುತ್ತದೆ. ತಲೆ ತೊಳೆಯುವುದನ್ನು ಬಹಳ ದಿನ ಮುಂದೂಡಿದರೆ ಜಿಡ್ಡು ಕೂಡಿ ಹೊಟ್ಟು ಹೆಚ್ಚುವುದು ನಿಜ. ಆದರೆ ಅದು ಮೂಲ ಕಾರಣವಲ್ಲ.

ಮೂರನೆಯದು, ತಲೆ ಒಣಗಿದ್ದರಿಂದ ಹೊಟ್ಟು ಬಂದಿದೆ, ಎಣ್ಣೆ ಹಚ್ಚಿದರೆ ಹೋಗುತ್ತದೆ ಎಂಬ ಭಾವನೆ. ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿರುವ ತಪ್ಪು ಇದೇ. ಎಣ್ಣೆ ಹಚ್ಚಿದ ಕೂಡಲೇ ಪದರಗಳು ನೆನೆದು ತಲೆಗೆ ಅಂಟಿಕೊಳ್ಳುವುದರಿಂದ ಬಿಳುಪು ಕಾಣುವುದಿಲ್ಲ. ಹೊಟ್ಟು ಹೋಯಿತೆಂದು ನಾವು ಸಮಾಧಾನಪಡುತ್ತೇವೆ. ಎರಡು ದಿನಗಳಲ್ಲಿ ಅದು ಮತ್ತೆ ಏಳುತ್ತದೆ. ಪ್ರಯೋಗಾಲಯಗಳಲ್ಲಿ ಈ ಸೂಕ್ಷ್ಮಜೀವಿಯನ್ನು ಬೆಳೆಸಬೇಕಾದಾಗ ಅದರ ಆಹಾರಕ್ಕೆ ಆಲಿವ್ ಎಣ್ಣೆಯಂಥ ಕೊಬ್ಬನ್ನು ಸೇರಿಸುತ್ತಾರೆ ಎಂಬ ಸಂಗತಿಯನ್ನು ನೆನೆದರೆ, ಹೊಟ್ಟು ತುಂಬಿದ ತಲೆಗೆ ರಾತ್ರಿಯಿಡೀ ಎಣ್ಣೆ ಬಿಡುವುದು ಏಕೆ ತಕ್ಕುದಲ್ಲವೆಂಬುದು ಮನವರಿಕೆಯಾದೀತು.

ಹಾಗೆಂದು ಅಭ್ಯಂಜನದ ಸಂಪ್ರದಾಯವನ್ನು ಬಿಡಬೇಕಾಗಿಲ್ಲ. ನಮ್ಮ ಹಿರಿಯರು ಎಣ್ಣೆಸ್ನಾನ ಎಂದರೇ ಹೊರತು ಬರಿಯ ಎಣ್ಣೆ ಎನ್ನಲಿಲ್ಲ. ಎಣ್ಣೆ ಹಚ್ಚಿ, ಕೆಲಹೊತ್ತು ಬಿಟ್ಟು, ಸೀಗೆಯಿಂದ ಚೆನ್ನಾಗಿ ತೊಳೆಯುವುದೇ ಆ ಪದ್ಧತಿ. ಇಂದು ನಾವು ಎಣ್ಣೆಯನ್ನು ಉಳಿಸಿಕೊಂಡು ಸ್ನಾನವನ್ನು ಮರೆತಿದ್ದೇವೆ. ಹೊಟ್ಟು ಇರುವವರು ಎಣ್ಣೆ ಹಚ್ಚಲೇಬೇಕೆಂದಿದ್ದರೆ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಸ್ವಲ್ಪವೇ ಹಚ್ಚಿ, ಅಂದೇ ಪೂರ್ಣವಾಗಿ ತೊಳೆದುಬಿಡಬೇಕು. ಹೊಟ್ಟು ತೀವ್ರವಾಗಿದ್ದಾಗ ಕೆಲವು ವಾರ ಎಣ್ಣೆಯನ್ನು ನಿಲ್ಲಿಸುವುದೇ ಲೇಸು.

ಇದು ಹೊಟ್ಟೇ ಹೌದೇ?

ಮದ್ದು ಮಾಡುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಬೇಕು. ಹೇನಿನ ಮೊಟ್ಟೆಯಾದ ಸೀರು ಕೂದಲಿಗೇ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಬೆರಳಿನಿಂದ ಜಾರಿಸಿದರೆ ಬರುವುದಿಲ್ಲ. ಹೊಟ್ಟು ತಟ್ಟಿದರೆ ಉದುರುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಮೈಗೆ ಹಚ್ಚುವ ಸಾಬೂನಿನಿಂದಲೇ ತಲೆ ತೊಳೆದರೆ, ಸಾಬೂನು ನೊರೆಯಾಗದೆ ಒಡೆದು ಬಿಳಿಯ ಕಿಟ್ಟವಾಗಿ ಕೂದಲಲ್ಲಿ ಉಳಿಯುತ್ತದೆ. ಅನೇಕರು ಅದನ್ನೇ ಹೊಟ್ಟು ಎಂದು ಭ್ರಮಿಸುತ್ತಾರೆ. ಸಾಬೂನು ಬಿಟ್ಟು ಸೀಗೆಯನ್ನೋ ಶಾಂಪೂವನ್ನೋ ಬಳಸಿದರೆ, ಕೊನೆಯಲ್ಲಿ ಮಳೆನೀರು ಅಥವಾ ಸಿಹಿನೀರಿನಿಂದ ತೊಳೆದರೆ ಈ ಬಗೆಯ ಬಿಳುಪು ಮಾಯವಾಗುತ್ತದೆ.

ಮಕ್ಕಳ ತಲೆಯಲ್ಲಿ ದುಂಡನೆಯ ಜಾಗದಲ್ಲಿ ಕೂದಲು ಮುರಿದು ಉದುರಿ ಹೊಟ್ಟು ಏಳುತ್ತಿದ್ದರೆ ಅದು ಹುಳುಕಡ್ಡಿಯಾಗಿರಬಹುದು. ಇದು ಮಾತ್ರ ನಿಜವಾಗಿಯೂ ಅಂಟುವ ರೋಗ. ಬರಿಯ ಲೇಪನಗಳಿಂದ ವಾಸಿಯಾಗುವುದಿಲ್ಲ. ವೈದ್ಯರು ನುಂಗುವ ಔಷಧವನ್ನೇ ಕೊಡಬೇಕಾಗುತ್ತದೆ. ದಪ್ಪನೆಯ, ಬೆಳ್ಳಿಯ ಹೊಳಪಿನ ಪೊರೆಗಳು ಕೂದಲಿನ ಗಡಿಯನ್ನು ದಾಟಿ ಹಣೆಗೆ, ಕಿವಿಯ ಹಿಂದೆ ಇಳಿದಿದ್ದರೆ, ಮೊಣಕೈ ಮೊಣಕಾಲುಗಳಲ್ಲಿಯೂ ಇದ್ದರೆ ಅದು ಸೋರಿಯಾಸಿಸ್ ಇರಬಹುದು. ಇವೆರಡಕ್ಕೂ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಮನೆಯಲ್ಲಿ ಮಾಡಬಹುದಾದ ಉಪಚಾರಗಳು

ಸೀಗೆ ಮತ್ತು ಅಂಟುವಾಳ: ಇವೆರಡರಲ್ಲಿಯೂ ನೊರೆ ಕೊಟ್ಟು ಜಿಡ್ಡನ್ನು ತೆಗೆಯುವ ಅಂಶವಿದೆ. ನಾಲ್ಕೈದು ಸೀಗೇಕಾಯಿ, ಬೀಜ ತೆಗೆದ ನಾಲ್ಕೈದು ಅಂಟುವಾಳದ ಕಾಯಿಗಳನ್ನು ರಾತ್ರಿ ಎರಡು ಲೋಟ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಈ ನೀರನ್ನು ಬೆರಳ ತುದಿಯಿಂದ ಕೂದಲ ಬುಡಕ್ಕೆ ಮೆಲ್ಲನೆ ತಿಕ್ಕಿ, ಐದು ನಿಮಿಷ ಬಿಟ್ಟು ತೊಳೆಯಬೇಕು. ಪುಡಿಯನ್ನು ಬಳಸುವವರು ಅದನ್ನು ವಸ್ತ್ರಗಾಳಿತ ಮಾಡಿಕೊಳ್ಳಬೇಕು. ತರಿ ಉಳಿದರೆ ಅದೇ ಹೊಟ್ಟಿನಂತೆ ಕಾಣುತ್ತದೆ, ಗಾಯವನ್ನೂ ಮಾಡುತ್ತದೆ. ಕಣ್ಣಿಗೆ ಹೋಗದಂತೆ ಎಚ್ಚರ ವಹಿಸಬೇಕು.

ಮೆಂತ್ಯ ಮತ್ತು ಹುಳಿ ಮಜ್ಜಿಗೆ: ಎರಡು ಚಮಚ ಮೆಂತ್ಯವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬೆಣ್ಣೆ ತೆಗೆದ ಹುಳಿ ಮಜ್ಜಿಗೆಯೊಡನೆ ನುಣ್ಣಗೆ ಅರೆದು, ತಲೆಗೆ ಹಚ್ಚಿ ಅರ್ಧ ಗಂಟೆ ಬಿಟ್ಟು ಸೀಗೆಯ ನೀರಿನಿಂದ ತೊಳೆಯಬೇಕು. ಮೆಂತ್ಯದ ಲೋಳೆಯು ಪದರಗಳನ್ನು ಮೆತ್ತಗೆ ಮಾಡಿ, ತುರಿಕೆಯನ್ನು ತಣಿಸುತ್ತದೆ. ಕೆನೆಮೊಸರಿನ ಬದಲು ಮಜ್ಜಿಗೆ ಏಕೆಂದರೆ, ಮೊದಲೇ ಜಿಡ್ಡಿರುವ ತಲೆಗೆ ಇನ್ನಷ್ಟು ಜಿಡ್ಡು ಬೇಡ.

ಬೇವಿನ ನೀರು: ಒಂದು ಹಿಡಿ ಬೇವಿನ ಎಲೆಯನ್ನು ಒಂದು ಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ಸೋಸಿ, ತಲೆ ತೊಳೆದಾದ ಮೇಲೆ ಕೊನೆಯ ನೀರಾಗಿ ಸುರಿದುಕೊಳ್ಳಬಹುದು. ಬೇವಿಗೆ ಶಿಲೀಂಧ್ರವನ್ನು ತಡೆಯುವ ಗುಣವಿರುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಬೇವಿನ ಎಣ್ಣೆ ಮಾತ್ರ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ವಿಷವಾಗುತ್ತದೆ. ಅವರ ಕೈಗೆ ಸಿಗದಂತೆ ಇಡಬೇಕು.

ಲೋಳೆಸರ: ಎಲೆಯನ್ನು ಕೊಯ್ದು ಹತ್ತು ನಿಮಿಷ ಓರೆಯಾಗಿ ನಿಲ್ಲಿಸಿದರೆ ಹಳದಿಯ ರಸ ಸೋರಿಹೋಗುತ್ತದೆ. ಈ ರಸವು ಚರ್ಮಕ್ಕೆ ಉರಿ ತರುವುದರಿಂದ ಅದನ್ನು ತೊಳೆದುಬಿಟ್ಟು, ಒಳಗಿನ ತಿಳಿಯಾದ ಲೋಳೆಯನ್ನು ಮಾತ್ರ ಹಚ್ಚಿ ಅರ್ಧ ಗಂಟೆಯ ಮೇಲೆ ತೊಳೆಯಬೇಕು. ಹೊಟ್ಟಿನ ಉಲ್ಬಣಾವಸ್ಥೆಯಲ್ಲಿ ಲೋಳೆಸರದ ಲೇಪನವು ತುರಿಕೆಯನ್ನೂ ಪದರವನ್ನೂ ಕಡಿಮೆ ಮಾಡಿದ್ದನ್ನು ೧೯೯೯ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಪರೀಕ್ಷೆಯು ತೋರಿಸಿದೆ.

ಜೇನುತುಪ್ಪ: ೨೦೦೧ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಒಂಬತ್ತು ಭಾಗ ಶುದ್ಧ ಜೇನಿಗೆ ಒಂದು ಭಾಗ ಬೆಚ್ಚನೆಯ ನೀರು ಬೆರೆಸಿ, ದಿನ ಬಿಟ್ಟು ದಿನ ಹಚ್ಚಿ, ಮೂರು ಗಂಟೆಯ ಮೇಲೆ ತೊಳೆಯಲಾಯಿತು. ಭಾಗವಹಿಸಿದ ೩೦ ಜನರಲ್ಲಿ ಒಂದು ವಾರದೊಳಗೆ ತುರಿಕೆ ಇಳಿಯಿತು. ಆದರೆ ಮುಂದೆ ವಾರಕ್ಕೊಮ್ಮೆಯೂ ಹಚ್ಚದೆ ಪೂರ್ಣವಾಗಿ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಕೆಲವೇ ತಿಂಗಳಲ್ಲಿ ಹೊಟ್ಟು ಮರಳಿತು. ಉಪಚಾರ ನಿಂತರೆ ಹೊಟ್ಟು ಮರಳುತ್ತದೆಂಬ ಮಾತು ಎಲ್ಲ ಮದ್ದುಗಳಿಗೂ ಅನ್ವಯಿಸುತ್ತದೆ.

ಯಾವ ಲೇಪನವನ್ನೇ ಆಗಲಿ ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು. ಕೆಂಪಾದರೆ, ಉರಿದರೆ ಅದು ನಿಮಗೆ ಒಗ್ಗುವುದಿಲ್ಲವೆಂದು ತಿಳಿಯಿರಿ. ಎಲ್ಲವನ್ನೂ ಒಟ್ಟಿಗೆ ಮಾಡದೆ ಒಂದನ್ನೇ ಆರಿಸಿಕೊಂಡು, ವಾರಕ್ಕೆ ಎರಡು ಅಥವಾ ಮೂರು ಸಲದಂತೆ ನಾಲ್ಕು ವಾರ ಶ್ರದ್ಧೆಯಿಂದ ಮಾಡಿ. ಸೋಮವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಮಾತ್ರ ತಲೆಗೆ ನೀರೆರೆದುಕೊಳ್ಳುವ ರೂಢಿಯಿರುವ ಮನೆಗಳಲ್ಲಿ ಹೊಟ್ಟು ಇರುವವರಿಗಾದರೂ ಈ ರೂಢಿಯನ್ನು ಸಡಿಲಿಸಬೇಕು.

ಮಾಡಬಾರದ್ದು

ಹುಣ್ಣಾದ, ಕೆರೆದ ತಲೆಗೆ ನಿಂಬೆರಸವನ್ನು ಉಜ್ಜಬಾರದು. ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಎದ್ದು ಕಪ್ಪು ಕಲೆ ಉಳಿಯುವುದುಂಟು. ಅಡಿಗೆ ಸೋಡವು ಕ್ಷಾರವಾದುದರಿಂದ ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಸೀಮೆಎಣ್ಣೆಯನ್ನು ತಲೆಗೆ ಸೋಕಿಸಲೇಬಾರದು. ಅದು ಚರ್ಮವನ್ನು ಸುಡುತ್ತದೆ, ಒಲೆಯ ಬಳಿ ಬೆಂಕಿಯ ಭಯವನ್ನೂ ತರುತ್ತದೆ.

ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರವನ್ನು ಕರಗಿಸಿ ಹಚ್ಚುವ ಪದ್ಧತಿ ಅನೇಕ ಮನೆಗಳಲ್ಲಿದೆ. ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಕರ್ಪೂರವು ಹೊಟ್ಟೆಗೆ ಹೋದರಂತೂ ಸರಿಯೇ, ಎಳೆಯ ಮಕ್ಕಳ ಚರ್ಮದ ಮೂಲಕ ಒಳಸೇರಿದರೂ ಅವರಲ್ಲಿ ಅಪಸ್ಮಾರದಂತಹ ಸೆಳವನ್ನು ಉಂಟುಮಾಡಬಲ್ಲದು. ಆದುದರಿಂದ ಮಗುವಿನ ತಲೆಗೆ ಕರ್ಪೂರದ ಎಣ್ಣೆ ಸರ್ವಥಾ ಬೇಡ. ಹಸುಗೂಸುಗಳ ನೆತ್ತಿಯಲ್ಲಿ ಕಾಣುವ ಹಳದಿ ಬಣ್ಣದ ಪೊರೆಯು ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಹೋಗುತ್ತದೆ. ಸ್ನಾನಕ್ಕೆ ಮುಂಚೆ ಸ್ವಲ್ಪ ಬರಿಯ ಎಣ್ಣೆಯಿಂದ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಎಣ್ಣೆ ಉಳಿಯದಂತೆ ತೊಳೆದರೆ ಸಾಕು. ಉಗುರಿನಿಂದ ಕೀಳಬಾರದು.

ಔಷಧದ ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಮುಲಾಮುಗಳು ಎರಡು ದಿನದಲ್ಲಿ ತುರಿಕೆಯನ್ನು ನಿಲ್ಲಿಸುತ್ತವೆ. ಆದರೆ ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ಬಳಸಿದರೆ ಚರ್ಮವು ತೆಳುವಾಗಿ ಹೊಸ ತೊಂದರೆಗಳು ಹುಟ್ಟುತ್ತವೆ.

ಮನೆಮದ್ದಿಗೆ ಬಗ್ಗದಿದ್ದರೆ

ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ಔಷಧಯುಕ್ತ ಶಾಂಪೂವನ್ನು ಬಳಸಲು ಸಂಕೋಚಪಡಬಾರದು. ಶೇಕಡಾ ೨ರ ಕೀಟೊಕೊನಜೋಲ್ ಇರುವ ಶಾಂಪೂವು ಆ ಶಿಲೀಂಧ್ರವನ್ನೇ ತಗ್ಗಿಸುತ್ತದೆ. ವೈದ್ಯರ ಸಲಹೆಯಂತೆ ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಬಳಸಿ, ಆಮೇಲೆ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಮುಂದುವರಿಸುವುದು ರೂಢಿ. ಸೆಲೆನಿಯಂ ಸಲ್ಫೈಡ್, ಜಿಂಕ್ ಪೈರಿಥಿಯೋನ್ ಇರುವ ಶಾಂಪೂಗಳೂ ಉಂಟು. ಗರ್ಭಿಣಿಯರು ಮತ್ತು ಹಾಲೂಡುವ ತಾಯಂದಿರು ವೈದ್ಯರನ್ನು ಕೇಳಿಯೇ ಬಳಸಬೇಕು.

ಇದರಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಅವಸರ. ನೊರೆ ಬಂದ ಕೂಡಲೇ ತೊಳೆದರೆ ಔಷಧವು ಚರಂಡಿಯ ಪಾಲಾಗುತ್ತದೆ. ಕೂದಲಿಗಿಂತ ಕೂದಲ ಬುಡದ ಚರ್ಮಕ್ಕೆ ಹಚ್ಚಿ, ಮೂರರಿಂದ ಐದು ನಿಮಿಷ ಹಾಗೆಯೇ ಬಿಟ್ಟು ತೊಳೆಯಬೇಕು.

ಕೂದಲು ಗುಂಪುಗುಂಪಾಗಿ ಉದುರುತ್ತಿದ್ದರೆ, ಕೀವು ಅಥವಾ ರಸಿಗೆ ಒಸರುತ್ತಿದ್ದರೆ, ಹುಬ್ಬು, ಮೂಗಿನ ಬದಿ ಮತ್ತು ಎದೆಯ ಮೇಲೂ ಕೆಂಪಾಗಿ ಪದರವೇಳುತ್ತಿದ್ದರೆ ಚರ್ಮವೈದ್ಯರನ್ನು ಕಾಣಬೇಕು. ಕಂಪವಾತದ ರೋಗಿಗಳಲ್ಲಿ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈ ತೊಂದರೆ ಹೆಚ್ಚು ತೀವ್ರವಾಗಿರುತ್ತದೆ. ಮನೆಯ ಹಿರಿಯರಿಗೆ ಹಾಗಾಗಿದ್ದರೆ ವಯಸ್ಸಿನ ಸಹಜ ಲಕ್ಷಣವೆಂದು ಬಿಡಬಾರದು.

ದಿನಚರಿಯಲ್ಲಿ ಪಾಲಿಸಬೇಕಾದುದು

ಒದ್ದೆ ಕೂದಲನ್ನು ಬಿಗಿಯಾಗಿ ಹೆಣೆಯದೆ, ಒಣಗಿದ ಮೇಲೆ ಜಡೆ ಹಾಕಬೇಕು. ರುಮಾಲು, ಟೋಪಿ, ಶಿರಸ್ತ್ರಾಣ ಧರಿಸುವ ಗಂಡಸರು ಬೆವರು ಆರಲು ಆಗಾಗ ಅವನ್ನು ತೆಗೆಯಬೇಕು; ಒಳಬಟ್ಟೆಯನ್ನು ಒಗೆಯಬೇಕು. ಬಾಚಣಿಗೆ, ದಿಂಬಿನ ಹೊದಿಕೆಗಳನ್ನು ವಾರಕ್ಕೊಮ್ಮೆ ತೊಳೆಯಬೇಕು. ಸ್ನಾನಕ್ಕೆ ಕುದಿಯುವಂಥ ನೀರು ಬೇಡ, ಉಗುರು ಬೆಚ್ಚಗಿನ ನೀರು ಸಾಕು. ಎಷ್ಟೇ ತುರಿಸಿದರೂ ಉಗುರಿನಿಂದ ಕೆರೆಯಬಾರದು. ಕೆರೆತದಿಂದಲೇ ಕೂದಲು ಮುರಿಯುತ್ತದೆ, ಹುಣ್ಣಾಗುತ್ತದೆ.

ಆ ತಾಯಿಗೂ ಮಗಳಿಗೂ

ಪತ್ರ ಬರೆದ ಸೋದರಿಯೇ, ಇಂದಿನಿಂದ ನಿಮ್ಮ ಮಗಳ ತಲೆಗೆ ರಾತ್ರಿಯ ಎಣ್ಣೆಯನ್ನೂ ನಿಂಬೆಯನ್ನೂ ನಿಲ್ಲಿಸಿರಿ. ಉರಿ ಆರುವವರೆಗೆ ಒಂದು ವಾರ ಯಾವ ಲೇಪನವೂ ಬೇಡ, ಸೌಮ್ಯವಾದ ಶಾಂಪೂವಿನಿಂದ ತೊಳೆದರೆ ಸಾಕು. ಹುಣ್ಣು ಉಳಿದಿದ್ದರೆ ವೈದ್ಯರಿಗೆ ತೋರಿಸಿ. ಒಂದು ವರ್ಷದ ಹಳೆಯ ತೊಂದರೆಯಾದುದರಿಂದ, ಮನೆಮದ್ದಿಗೆ ಕಾಯದೆ ಅವರ ಸಲಹೆಯಂತೆ ಔಷಧದ ಶಾಂಪೂವನ್ನೇ ಆರಂಭಿಸಬಹುದು. ವಿದ್ಯಾರ್ಥಿನಿಲಯದಲ್ಲಿ ಕಷಾಯ ಕುದಿಸುವ ಅನುಕೂಲವೂ ಇರುವುದಿಲ್ಲವಷ್ಟೆ. ಅಜ್ಜಿಯವರ ಮನಸ್ಸನ್ನು ನೋಯಿಸಬೇಡಿ. ಅವರು ಹಚ್ಚಿದ್ದು ಅಕ್ಕರೆಯಿಂದಲೇ. ಮೊಮ್ಮಗಳು ರಜೆಗೆ ಬಂದಾಗ ಮೆಂತ್ಯ ಅರೆದುಕೊಡುವ, ಸೀಗೆಯ ನೀರು ಸೋಸಿಕೊಡುವ ಕೆಲಸವನ್ನು ಅವರಿಗೇ ಒಪ್ಪಿಸಿ. ಅಕ್ಕರೆಗೂ ದಾರಿಯಾಯಿತು, ತಲೆಗೂ ಹಿತವಾಯಿತು.

ಹೊಟ್ಟು ಬೇರುಸಹಿತ ಹೋಗುತ್ತದೆಂದು ಭರವಸೆ ಕೊಡುವವರನ್ನು ನಂಬಬೇಡಿ. ಅದು ಮರುಕಳಿಸುವ ಸ್ವಭಾವದ್ದು. ಆದರೆ ಕ್ರಮ ತಪ್ಪದೆ ತೊಳೆಯುವವರಿಗೆ ಅದು ಕಣ್ಣಿಗೆ ಬೀಳದಷ್ಟು ಅಡಗಿರುತ್ತದೆ. ಕಾಯಕದಂತೆ ಇದೂ ದಿನದಿನದ ಶ್ರದ್ಧೆಯನ್ನೇ ಬೇಡುತ್ತದೆ.

ಮಗಳಿಗೆ ಹೇಳಿ: ಇದು ಅಂಟುರೋಗವಲ್ಲ, ಕೊಳಕಲ್ಲ, ಯಾವ ತಪ್ಪಿನ ಫಲವೂ ಅಲ್ಲ. ಆಕೆ ಗೆಳತಿಯರ ಸಾಲಿನಲ್ಲಿಯೇ ಕುಳಿತು ಪ್ರಸಾದ ಸ್ವೀಕರಿಸಲಿ, ಬಂಧುಗಳ ಮನೆಯ ಕಾರ್ಯಕ್ಕೆ ಹೂ ಮುಡಿದೇ ಬರಲಿ. ಹೆಗಲ ಮೇಲಿನ ಬಿಳಿಯ ಪುಡಿಯನ್ನು ಕಂಡು ಪಿಸುಗುಡುವ ಹಿರಿಯರು ನಮ್ಮಲ್ಲಿ ಯಾರಾದರೂ ಇದ್ದರೆ, ಮೊದಲು ತೊಳೆದುಕೊಳ್ಳಬೇಕಾದುದು ಆ ಮಾತನ್ನು.